ಸೀಟಿಗೆ ಮೊದಲು ಆಡಿದ ಮಾತು

ನಾನು ಮೈಕು ಬಿಟ್ಟೆನೆಂಬ ಸುದ್ದಿ ಹಬ್ಬಿದ ಮೇಲೆ ತಿಂಗಳಿಗೆ ಇಬ್ಬರು ಮೂವರು ಹುಡುಗರು ವಿಜಯಪುರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ನನ್ನ ಹೆಂಡತಿ ಗಂಗವ್ವ ಅವರಿಗೆ ಮಜ್ಜಿಗೆ ಕೊಡುತ್ತಾಳೆ. "ಕಾಕಾ, ಕಬಡ್ಡಿ ಕಾಮೆಂಟರಿ ಹ್ಯಾಂಗ ಹೇಳಬೇಕ್ರಿ? ಒಂದೆರಡು ಗುಟ್ಟು ಹೇಳ್ರಿ" ಎನ್ನುತ್ತಾರೆ. ಗುಟ್ಟು ಏನೂ ಇಲ್ಲ. ಆಟಗಾರರ ಹೆಸರು ಮೊದಲೇ ಬರೆದುಕೊಳ್ಳಿ, ಬಿಸಿನೀರು ಕುಡಿಯಿರಿ, ಅಂಪೈರ್ ಸೀಟಿ ಊದುವ ತನಕ ತೀರ್ಪು ಹೇಳಬೇಡಿ ಎನ್ನುತ್ತೇನೆ. ಮೊದಲ ಎರಡನ್ನು ಬರೆದುಕೊಳ್ಳುತ್ತಾರೆ. ಮೂರನೆಯದಕ್ಕೆ ನಗುತ್ತಾರೆ, ಅದೇನು ಹೇಳಬೇಕಾದ ಮಾತೇ ಎನ್ನುವಂತೆ.

ಆ ಮೂರನೆಯದು ನನಗೆ ಪುಕ್ಕಟೆ ಸಿಕ್ಕಿದ್ದಲ್ಲ. ಅದರ ಬೆಲೆ ತೆತ್ತವನು ನಾನೂ ಅಲ್ಲ, ಹೊನವಾಡದ ಶಿವಪ್ಪ. ಜನ ನನ್ನನ್ನು ತಲೆಯ ಮೇಲೆ ಹೊತ್ತು ತಿರುಗಿದಷ್ಟು ವರ್ಷವೂ ಅವನು ನನ್ನ ತಪ್ಪಿಗೆ ತನ್ನ ಹೆಸರು ಕಳೆದುಕೊಂಡು ಬದುಕಿದ. ನಾನು ಬಾಯಿ ಬಿಟ್ಟಿದ್ದರೆ ಅವನ ಹೆಸರು ಉಳಿಯುತ್ತಿತ್ತು, ಜನರ ಪ್ರೀತಿ ಹೋಗುತ್ತಿತ್ತೇನೋ. ಬಾಯಿಯನ್ನೇ ನಂಬಿ ಉಂಡ ಮನುಷ್ಯ ಅದೊಂದು ವಿಷಯಕ್ಕೆ ಬಾಯಿ ಮುಚ್ಚಿಕೊಂಡೆ. ಈ ಕೆಲಸಕ್ಕೆ ಬರುವವರು ನನ್ನ ಸನ್ಮಾನಗಳ ಫೋಟೊ ನೋಡುವುದಕ್ಕಿಂತ ಇದನ್ನು ಓದುವುದು ಒಳ್ಳೆಯದು.

ಮೊದಲು ನಾನೂ ಆಟಗಾರನೇ. ನನ್ನ ಹುಟ್ಟೂರು ಹೊನವಾಡದ ತಂಡಕ್ಕೆ ಹತ್ತು ವರ್ಷ ಕ್ಯಾಪ್ಟನ್. ಶಿವಪ್ಪ ನನಗಿಂತ ಏಳೆಂಟು ವರ್ಷ ಸಣ್ಣವನು, ಕುರಿ ಕಾಯುವ ಮನೆತನದವನು, ಎಡಮೂಲೆಯಲ್ಲಿ ನಿಲ್ಲುತ್ತಿದ್ದ. ಹಿಡಿಯುವುದು ಪಾದ ಮಾತ್ರ. ಟಗರಿನ ಕಾಲು ಹಿಡಿದು ಪಳಗಿದ ಕೈ ಅದು. ಅವನ ಕೈಗೆ ಸಿಕ್ಕ ಪಾದ ಬಿಡಿಸಿಕೊಂಡು ಹೋದವರನ್ನು ನಾನು ಕಂಡಿಲ್ಲ. ಮಾತು ಕಡಿಮೆ. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಆಟ ಮುಗಿದ ಮೇಲೆ ಅಂಗಿ ಹೆಗಲಿಗೆ ಹಾಕಿಕೊಂಡು, "ಬರ್ತೀನಿ ಕ್ಯಾಪ್ಟನ್" ಎಂದು ಹೋಗುತ್ತಿದ್ದ.

ನಮ್ಮ ತಂಡದಲ್ಲಿ ಒಂದು ರೂಢಿ ಇತ್ತು. ಅದನ್ನು ಇಲ್ಲಿ ಹೇಳಲೇಬೇಕು. ನಾನು ಕ್ಯಾಪ್ಟನ್ ಆದ ಹೊಸತರಲ್ಲಿ ಒಮ್ಮೆ ನಾಲ್ವರು ಸೇರಿ ಒಬ್ಬ ರೇಡರ್‌ನನ್ನು ಹಿಡಿದೆವು. ಅಂಪೈರ್ ಸೀಟಿ ಊದಿದ. ಜನರ ಗದ್ದಲದಲ್ಲಿ ನಮ್ಮ ಹುಡುಗರಿಗೆ ಕೇಳಿಸಲಿಲ್ಲ, ಹಿಡಿದೇ ಇದ್ದರು. ಆ ಬಡಪಾಯಿಯ ಮೊಣಕೈ ಕಳಚಿತು. ಅವನು ಕೂಗಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಂದಿನಿಂದ ನಾವು ಒಂದು ಕಟ್ಟು ಮಾಡಿಕೊಂಡೆವು. ಹಿಡಿದವರು ಯಾರೂ ಸೀಟಿಗೆ ಕಾಯಬಾರದು, ತಲೆ ಎತ್ತಿ ನೋಡಬಾರದು. ಕ್ಯಾಪ್ಟನ್ ಮಾತ್ರ ಅಂಪೈರ್ ಕೈ ನೋಡಬೇಕು. ಆತ ತೀರ್ಪು ಕೊಟ್ಟ ಕೂಡಲೇ ಕ್ಯಾಪ್ಟನ್ "ಸಾಕು, ಬಿಡ್ರೋ!" ಅನ್ನಬೇಕು. ಅಂದ ಕೂಡಲೇ ಎಲ್ಲರೂ ಕೈ ಬಿಡಬೇಕು. ಹತ್ತು ವರ್ಷ ನಾನು ಹಾಗೆ ಅಂದೆ, ಅವರು ಹಾಗೆ ಬಿಟ್ಟರು. ಬೇರೆ ಊರಿನವರು ನಮ್ಮನ್ನು ನೋಡಿ ಶಿಸ್ತು ಕಲಿತರೆಂದು ಹೆಮ್ಮೆಯೂ ಇತ್ತು.

ಮೂವತ್ತೈದಕ್ಕೆ ನನ್ನ ಮೊಣಕಾಲು ಹೋಯಿತು. ಡಾಕ್ಟರು, "ಇನ್ನ ಆಟ ಮರೀರಿ" ಎಂದರು. ಒಂದು ವರ್ಷ ಸೊಲ್ಲಾಪುರ ರಸ್ತೆಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಿಕೊಂಡು, ಎಲ್ಲರ ಮೇಲೆ ಸಿಡಿಮಿಡಿ ಮಾಡಿಕೊಂಡು ಇದ್ದೆ. ತಿಕೋಟಾದಲ್ಲಿ ಒಂದು ಪಂದ್ಯಾವಳಿ ನೋಡಲು ಹೋದಾಗ ಮೈಕಿನಲ್ಲಿ ಹೇಳುತ್ತಿದ್ದ ಮಾಸ್ತರರಿಗೆ ಬಿಕ್ಕಳಿಕೆ ಹತ್ತಿತು. ನೀರು ಕುಡಿದರು, ಸಕ್ಕರೆ ತಿಂದರು, ಉಸಿರು ಬಿಗಿ ಹಿಡಿದರು, ನಿಲ್ಲಲಿಲ್ಲ. ಎರಡು ಮಾತಿಗೊಂದು ಬಿಕ್ಕು, ಜನಕ್ಕೆ ಆಟಕ್ಕಿಂತ ಅದೇ ಮಜಾ ಆಯಿತು. ಮಾಸ್ತರರು ರೇಗಿ ಮೈಕನ್ನು ನನ್ನ ಕೈಗೆ ತುರುಕಿ, "ನೀನ ಹೇಳಪಾ ಮಲ್ಲಪ್ಪ, ಆಡಿದಾಂವ ಅದೀ" ಎಂದರು. ನನ್ನ ವೃತ್ತಿ ಶುರುವಾದದ್ದು ಹೀಗೆ, ಇನ್ನೊಬ್ಬರ ಬಿಕ್ಕಳಿಕೆಯಿಂದ.

ಆಡಿದವನು ಹೇಳಿದರೆ ಜನ ಕೇಳುತ್ತಾರೆ. ಯಾವ ರೇಡರ್ ಯಾವ ಕಡೆ ತಿರುಗುತ್ತಾನೆಂದು ನನಗೆ ಅವನ ಹೆಗಲು ನೋಡಿದರೆ ತಿಳಿಯುತ್ತಿತ್ತು. ನಾನು ಹೇಳಿದ ಹಾಗೆಯೇ ಆದಾಗ ಜನ ಹುಚ್ಚೆದ್ದು ಕುಣಿಯುತ್ತಿದ್ದರು. ಹಾಗೆಂದು ಎಡವದೆ ಇರಲಿಲ್ಲ. ಒಂದು ಊರಲ್ಲಿ ಯಾರೋ ಚೀಟಿ ಕೊಟ್ಟರು. ಓದಿ, ಊರಿನ ಹಿರಿಯರಾದ ಇಂಥವರು ದಯಮಾಡಿ ವೇದಿಕೆಗೆ ಬರಬೇಕೆಂದು ಮೂರು ಸಲ ಕರೆದೆ. ಅವರು ತೀರಿಹೋಗಿ ಹದಿನೈದು ದಿನವಾಗಿತ್ತು. ಪಂದ್ಯ ನಡೆಯುತ್ತಿದ್ದುದೇ ಅವರ ನೆನಪಿಗೆ. ಮಗ ಬಂದು ನನ್ನ ಮುಖ ನೋಡಿ, "ಕಾಕಾ, ಇನ್ನೊಮ್ಮಿ ಕರೀರಿ, ಬಂದರೂ ಬರಬಹುದು" ಎಂದ. ನೆಲ ಬಾಯಿ ಬಿಡಬಾರದೇ ಅನಿಸಿತು. ಅಂದಿನಿಂದ ಯಾವ ಚೀಟಿ ಬಂದರೂ, ಇವರು ಇದ್ದಾರೇನು ಎಂದು ಕೇಳಿಯೇ ಓದುತ್ತೇನೆ.

ಅದೆಲ್ಲ ನಗುವ ತಪ್ಪು. ನಗಲಾಗದ ತಪ್ಪು ನಡೆದದ್ದು ನಾನು ಮೈಕು ಹಿಡಿದ ಎರಡನೆಯ ವರ್ಷ, ಅದೇ ತಿಕೋಟಾದಲ್ಲಿ.

ಫೈನಲ್ ಪಂದ್ಯ. ಹೊನವಾಡ ಒಂದು ಕಡೆ, ವಿಜಯಪುರ ಪೇಟೆಯ ತಂಡ ಇನ್ನೊಂದು ಕಡೆ. ನಮ್ಮೂರು ಎರಡು ಅಂಕ ಮುಂದೆ. ಒಂದೇ ರೇಡ್ ಬಾಕಿ. ಪೇಟೆಯ ಉದ್ದ ಕೈಯ ಹುಡುಗ ಬಂದ. ಶಿವಪ್ಪ ಪಾದ ಹಿಡಿದ, ಇನ್ನು ಮೂವರು ಮೇಲೆ ಬಿದ್ದರು. ಹುಡುಗ ನೆಲ ಕಚ್ಚಿದ. ಮಧ್ಯಗೆರೆ ಇನ್ನೂ ಒಂದು ಗೇಣು ದೂರ, ಅವನ ಬಾಯಲ್ಲಿ ಕಬಡ್ಡಿ ಕಬಡ್ಡಿ ನಡೆದೇ ಇತ್ತು. ಸೀಟಿ ಆಗಿರಲಿಲ್ಲ. ಮೈಕು ನನ್ನ ಬಾಯಿಗೆ ಅಂಟಿಕೊಂಡಿತ್ತು. ನಾನು ಕುರ್ಚಿಯ ಮೇಲೆ ಕುಳಿತ ಕಾಮೆಂಟರಿಯವನೆಂಬುದೇ ಆ ಕ್ಷಣ ಮರೆತೆ. ನನ್ನ ಊರು, ನನ್ನ ಹುಡುಗರು, ಗೆದ್ದೇ ಬಿಟ್ಟೆವು ಎಂಬ ಹುರುಪು. ಹತ್ತು ವರ್ಷದ ಚಾಳಿ ಬಾಯಿಂದ ತಾನೇ ಹೊರಬಿತ್ತು. "ಸಾಕು, ಬಿಡ್ರೋ!" ಎಂದೆ.

ಶಿವಪ್ಪ ಬಿಟ್ಟ. ತಲೆ ಎತ್ತದೆ, ಸೀಟಿಗೆ ಕಾಯದೆ, ಹತ್ತು ವರ್ಷ ಬಿಟ್ಟ ಹಾಗೆಯೇ. ಉಳಿದ ಮೂವರು ಹೊಸಬರು, ಆ ರೂಢಿ ಗೊತ್ತಿಲ್ಲದವರು, ಹಿಡಿದೇ ಇದ್ದರು. ಆದರೆ ಕಾಲು ಬಿಡುಗಡೆಯಾದ ಮೇಲೆ ಬೆನ್ನು ಹಿಡಿದು ಏನು ಫಲ? ಆ ಹುಡುಗ ಒಮ್ಮೆ ಒದ್ದುಕೊಂಡು ಕೈ ಚಾಚಿ ಗೆರೆ ಮುಟ್ಟಿದ. ಹಿಡಿದಿದ್ದ ನಾಲ್ವರೂ ಔಟ್. ನಾಲ್ಕು ಅಂಕ ಹೋದವು, ಕಪ್ಪೂ ಹೋಯಿತು.

ಹೊನವಾಡದಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದ ಜನ ಅಂಕಣಕ್ಕೆ ನುಗ್ಗಿದರು. "ಯಾಕ ಬಿಟ್ಟಿಲೇ? ಯಾಕ ಬಿಟ್ಟಿ?" ಎಂದು ಶಿವಪ್ಪನ ಎದೆಯ ಮೇಲೆ ಕೈ ಹಾಕಿ ದಬ್ಬಿದರು. ಪೇಟೆಯವರಿಗೆ ತನ್ನನ್ನು ಮಾರಿಕೊಂಡಾನ ಎಂದು ಯಾರೋ ಅಂದರು. ಅಂದದ್ದೇ ತಡ, ಎಲ್ಲರೂ ಅದನ್ನೇ ಅಂದರು. ಶಿವಪ್ಪ ಜನರ ಮಧ್ಯದಿಂದ ನನ್ನ ಕಡೆ ನೋಡಿದ. ಕೋಪವಿರಲಿಲ್ಲ ಆ ನೋಟದಲ್ಲಿ. ನೀನು ಹೇಳು ಕ್ಯಾಪ್ಟನ್ ಎನ್ನುವಂತೆ ಕಾದು ನಿಂತಿದ್ದ.

ಮೈಕು ನನ್ನ ಕೈಯಲ್ಲೇ ಇತ್ತು. ನಾನು ವೈರು ಸುತ್ತತೊಡಗಿದೆ.

ಗದ್ದಲದಲ್ಲಿ ನಾನಂದದ್ದು ಯಾರ ಕಿವಿಗೂ ಬಿದ್ದಿರಲಿಕ್ಕಿಲ್ಲ ಎಂದು ಅಂದು ನನಗೆ ನಾನೇ ಹೇಳಿಕೊಂಡೆ. ಬೇವಿನ ಮರಕ್ಕೆ ಎರಡು ದೊಡ್ಡ ಕಹಳೆ ಸ್ಪೀಕರ್ ಕಟ್ಟಿದ್ದರು ಎಂಬುದನ್ನು ಬೇಕೆಂದೇ ಮರೆತೆ. ನಿಜ ಹೇಳಿದರೆ ಮೈಕು ಕಸಿದುಕೊಳ್ಳುತ್ತಾರೆ, ಮತ್ತೆ ವೆಲ್ಡಿಂಗ್ ಎಂದು ಹೆದರಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಗೆ ಇಪ್ಪತ್ತೊಂದು ವರ್ಷ ಹಿಡಿಯಿತು.

ಶಿವಪ್ಪ ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ಊರು ಅವನಿಗೆ "ಕೈಬಿಟ್ಯಾ" ಎಂದು ಹೆಸರಿಟ್ಟಿತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಲಗ್ನದ ಪಂಕ್ತಿಯಲ್ಲಿ ಅದೇ ಹೆಸರು. "ಕೈಬಿಟ್ಯಾಗ ಒಂದ ಹೋಳಿಗಿ ಹಾಕ್ರಿ, ಬೀಳೂದ್ರೊಳಗ ತಿನ್ನಲಿ" ಎಂದು ನಗುತ್ತಿದ್ದರು. ನಾನೂ ಆ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಉಂಡಿದ್ದೇನೆ.

ಇತ್ತ ನನ್ನ ದಾರಿ ತೆರೆಯಿತು. ಗಾಂಧಿ ಚೌಕದ ಹತ್ತಿರ ಒಂದು ಕೇಬಲ್ ವಾಹಿನಿ ಶುರುವಾಗಿತ್ತು, ಆಟದ ಸುದ್ದಿ ಓದಲು, ಪಂದ್ಯಗಳ ಕಾಮೆಂಟರಿ ಹೇಳಲು ಕರೆದರು. ಅಲ್ಲಿಯ ಹಿರಿಯರು ದೇಸಾಯಿ ಸರ್. ತೆಳ್ಳನೆಯ ಮನುಷ್ಯ, ಎದುರಿಗೇ ಬೈಯುವವರು, ಹಿಂದೆ ಹೊಗಳುವವರು. ನನ್ನ ಮೊದಲ ಪ್ರಸಾರ ಮುಗಿದ ಮೇಲೆ ಕರೆದು, "ಮಲ್ಲಪ್ಪ, ಟಿವಿ ನೋಡೂ ಮಂದಿಗೆ ಕಣ್ಣ ಅದಾವೋ ಇಲ್ಲೋ?" ಎಂದು ಕೇಳಿದರು.

"ಅದಾವ್ರಿ ಸರ್."

"ಮತ್ತ ಅಂವಾ ಓಡಿದ, ಬಿದ್ದ, ಎದ್ದ ಅಂತ ಯಾಕ ಒದರ್ತಿ? ಅವರಿಗೆ ಕಾಣದ್ದು ಹೇಳು. ಇಲ್ಲಾಂದ್ರ ಸುಮ್ಮನ ಕೂಡು."

ಸುಮ್ಮನೆ ಕೂಡುವುದು ಎಷ್ಟು ಕಷ್ಟವೆಂದು ಅಲ್ಲಿ ತಿಳಿಯಿತು. ಮೈದಾನದ ಮೈಕಿನಲ್ಲಿ ಕ್ಷಣ ಸುಮ್ಮನಿದ್ದರೆ ಕರೆಂಟ್ ಹೋಯಿತೇನೋ ಎಂದು ಜನ ತಿರುಗಿ ನೋಡುತ್ತಾರೆ. ಟಿವಿಯಲ್ಲಿ ಸುಮ್ಮನಿದ್ದರೇ ಚೆಂದ. ಸರ್ ಒಂದು ಪೆನ್ನು ಹಿಡಿದು ಎದುರು ಕೂರುತ್ತಿದ್ದರು. ಸೀಟಿಗೆ ಮೊದಲು ನಾನು ಬಾಯಿ ತೆಗೆದರೆ ಟೇಬಲ್ಲಿಗೆ ಟಕ್ ಎಂದು ಬಡಿಯುತ್ತಿದ್ದರು. ಒಂದು ತಿಂಗಳಲ್ಲಿ ಆ ಟಕ್ ಸದ್ದಿಗೆ ನಾನು ಬೆವರತೊಡಗಿದೆ. "ಇಷ್ಟ್ಯಾಕ ಹೆದರ್ತಿ ಸೀಟಿಗೆ?" ಎಂದು ಒಮ್ಮೆ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ನನ್ನದು. "ಏನಿಲ್ರಿ ಸರ್, ಚಾಳಿ" ಎಂದೆ. ಅವರಿಗಾದರೂ ಹೇಳಬಹುದಿತ್ತು. ಅವರು ಈಗಿಲ್ಲ.

ಆಮೇಲೆ ಮೊಬೈಲ್ ಬಂತು. ಈಗ ಯಾವ ಊರಿನ ಪಂದ್ಯವಾದರೂ ನಾಲ್ಕು ಹುಡುಗರು ಒಂದು ಕ್ಯಾಮೆರಾ ನಿಲ್ಲಿಸಿ ಯೂಟ್ಯೂಬಿನಲ್ಲಿ ಲೈವ್ ಬಿಡುತ್ತಾರೆ. ಕಿವಿಗೆ ಹೆಡ್‌ಫೋನು, ಎದುರು ಪರದೆ, ಪರದೆಯ ಮೇಲೆ ಜನ ಬರೆಯುವ ಮಾತು ಇರುವೆ ಸಾಲಿನಂತೆ ಹರಿಯುತ್ತಿರುತ್ತದೆ. "ಮಲ್ಲೂಕಾಕಾ ಊಟ ಆತೇನ್ರಿ?" ಎಂದು ದುಬೈಯಿಂದ ಒಬ್ಬ ಕೇಳುತ್ತಾನೆ. ಮೊದಮೊದಲು ನಾನು ರೇಡ್ ನಡುವೆಯೇ "ಆತಪಾ, ನಿಂದ?" ಎಂದು ಉತ್ತರ ಕೊಟ್ಟು ಅಂಕ ತಪ್ಪಿಸಿದ್ದುಂಟು. ಈಗ ರೀಪ್ಲೇ ಇದೆ. ಹಿಂದೆ ಮುಂದೆ ತಿರುಗಿಸಿ, ಕೈ ಗೆರೆ ಮುಟ್ಟಿತೋ ಇಲ್ಲವೋ ನೋಡಬಹುದು. ಮೊದಲ ಸಲ ರೀಪ್ಲೇ ಕಂಡ ದಿನ ಎಲ್ಲರೂ ಖುಷಿಪಟ್ಟರು. ನಾನು ಮಾತ್ರ, ತಿಕೋಟಾದ ಆ ಫೈನಲ್ ದಿನ ಇಂಥದೊಂದು ಇದ್ದಿದ್ದರೆ ಎಂದು ಯೋಚಿಸಿದೆ. ಇದ್ದಿದ್ದರೆ ನನ್ನ ಮಾತೂ ಅದರಲ್ಲಿ ಇರುತ್ತಿತ್ತು.

ಜನರ ಪ್ರೀತಿಯ ಬಗ್ಗೆ ಹೇಳದಿದ್ದರೆ ಕೃತಘ್ನನಾಗುತ್ತೇನೆ. ಗಾಂಧಿ ಚೌಕದಲ್ಲಿ ಆಟೊ ಹತ್ತಿದರೆ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ದ್ರಾಕ್ಷಿ ಸುಗ್ಗಿಯಲ್ಲಿ ಹೊನವಾಡದಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬುಟ್ಟಿ ಬರುತ್ತದೆ, ಯಾರು ಕಳಿಸಿದರೆಂದು ಚೀಟಿ ಕೂಡ ಇರುವುದಿಲ್ಲ. ತಿಕೋಟಾದಲ್ಲಿ ಒಬ್ಬ ರೈತ ತನ್ನ ಎತ್ತಿಗೆ ಮಲ್ಲೂಕಾಕಾ ಎಂದೇ ಹೆಸರಿಟ್ಟ. "ಯಾಕೋ?" ಎಂದರೆ, "ಅದೂ ಭಾಳ ಒದರ್ತೈತ್ರಿ" ಎಂದ. ಬಬಲೇಶ್ವರದಲ್ಲಿ ಒಂದು ಲಗ್ನಕ್ಕೆ ಕರೆದು ಅಕ್ಷತೆಗೆ ಕಾಮೆಂಟರಿ ಹೇಳಿಸಿದರು. ಮದುಮಗ ಮಾಲೆ ಹಾಕಲು ಹೋದಾಗ ಮದುಮಗಳು ತಲೆ ಹಿಂದೆ ಎಳೆದುಕೊಂಡಳು. ನಾನು, "ಮೊದಲ ರೇಡ್ ಖಾಲಿ!" ಎಂದೆ. ಭಟ್ಟರೂ ನಕ್ಕುಬಿಟ್ಟರು. ಒಬ್ಬ ಅಜ್ಜಿ ನನ್ನ ಗದ್ದ ಹಿಡಿದು, "ಯಪ್ಪಾ, ನಿನ್ನ ದನಿ ಕೇಳಿದ್ರ ನನ್ನ ಮಗ ಮನಿಗಿ ಬಂದಂಗ ಆಕ್ಕೈತಿ" ಎಂದಳು. ಅವಳ ಮಗ ಸೈನ್ಯದಲ್ಲಿದ್ದ. ಆ ದಿನ ಮನೆಗೆ ಬಂದು ನಾನು ಅತ್ತೆ. ಇಷ್ಟು ಪ್ರೀತಿಗೆ ನಾನು ಯೋಗ್ಯನಲ್ಲ ಎಂಬುದು ನನ್ನೊಬ್ಬನಿಗೇ ಗೊತ್ತಿತ್ತು. ಪ್ರೀತಿ ಹೆಚ್ಚಾದಷ್ಟೂ ನಿಜ ಹೇಳುವುದು ಕಷ್ಟವಾಯಿತು.

ಅಭಿಮಾನಿಗಳದೊಂದು ಬಳಗವೇ ಇತ್ತು. ಅದರ ಮುಂದಾಳು ಸಿದ್ದು, ಆಟೊ ಓಡಿಸುವ ಮೂವತ್ತರ ಆಳು. ನಾನು ಎಲ್ಲಿ ಕಾಮೆಂಟರಿ ಹೇಳಿದರೂ ಅಲ್ಲಿ ಹಾಜರು. ನನ್ನ ದನಿಯನ್ನು ನನಗಿಂತ ಚೆನ್ನಾಗಿ ತೆಗೆಯುತ್ತಿದ್ದ.

ಕಳೆದ ವರ್ಷ ಬಬಲೇಶ್ವರದಲ್ಲಿ ಹೆಣ್ಣುಮಕ್ಕಳ ಪಂದ್ಯ. ಒಂದು ತಂಡದ ಕೋಚ್ ಇಪ್ಪತ್ತೈದರ ಹುಡುಗಿ ಸವಿತಾ, ಅಲ್ಲಿಯ ಶಾಲೆಯಲ್ಲಿ ಆಟ ಕಲಿಸುವವಳು. ಶಿವಪ್ಪನ ಮಗಳು. ಅವಳ ತಂಡದ ಹುಡುಗಿಯೊಬ್ಬಳ ಕೈಯಿಂದ ರೇಡರ್ ಜಾರಿಹೋದಳು. ಆಟದಲ್ಲಿ ಆಗುವುದೇ. ಆದರೆ ಜನರ ನಡುವಿನಿಂದ ಸಿದ್ದು ಎದ್ದು ನಿಂತು, ಥೇಟ್ ನನ್ನ ದನಿಯಲ್ಲಿ, ನನ್ನದೇ ಏರಿಳಿತದಲ್ಲಿ ಕೂಗಿದ. "ನೋಡ್ರಿ ನೋಡ್ರಿ, ಕೈಬಿಟ್ಯಾನ ಮಗಳು ಕೈ ಬಿಡೂದ ಕಲಿಸ್ಯಾಳ!"

ಮೈದಾನವೆಲ್ಲ ನಕ್ಕಿತು. ಸಿದ್ದು ನನ್ನ ಕಡೆ ನೋಡಿ ಕೈಬೀಸಿದ, ಹ್ಯಾಂಗಿತ್ತು ಕಾಕಾ ಎನ್ನುವಂತೆ. ಸವಿತಾ ತಲೆ ತಗ್ಗಿಸಲಿಲ್ಲ. ಅವಳೂ ನನ್ನ ಕಡೆಯೇ ನೋಡಿದಳು. ಅವಳಪ್ಪನ ನೋಟವೇ. ನನಗೆ ಗಂಟಲು ಕಟ್ಟಿತು, ಉಳಿದ ಪಂದ್ಯವನ್ನು ಬೇರೆಯವರು ಹೇಳಿದರು.

ಆ ಗಂಟಲು ಮತ್ತೆ ಸರಿಹೋಗಲಿಲ್ಲ. ಧ್ವನಿತಂತುವಿನಲ್ಲಿ ಗಂಟಾಗಿದೆ, ಇನ್ನು ಕೂಗಿದರೆ ಇದ್ದ ದನಿಯೂ ಹೋಗುತ್ತದೆ ಎಂದರು ಡಾಕ್ಟರು. ಕಾಮೆಂಟರಿ ನಿಲ್ಲಿಸುತ್ತೇನೆಂದು ತಿಳಿಸಿದೆ. ಸಿದ್ದುವಿನ ಬಳಗ ಮುಂದಿನ ಭಾನುವಾರ ಹೊನವಾಡದ ಮೈದಾನದಲ್ಲಿ ದೊಡ್ಡ ಬೀಳ್ಕೊಡುಗೆ ಗೊತ್ತುಮಾಡಿತು. ಗಂಗವ್ವನಿಗೆ ಅಂದು ಮೊದಲ ಸಲ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. ಆಮೇಲೆ, "ಇಷ್ಟ ವರ್ಷ ಶಿವಪ್ಪನ ಹೆಂಡ್ತಿ ನನ್ನ ಕೂಡ ಮಾತಾಡ್ತಿರಲಿಲ್ಲ, ಸೊಕ್ಕಿನಾಕಿ ಅಂತ ತಿಳದಿದ್ದೆ. ನಿಮ್ಮ ಮಾರಿ ನೋಡಾಕ ನನಗ ನಾಚಿಕಿ ಬರಾಕತ್ತೈತಿ" ಎಂದಳು.

ಮರುದಿನ ಮುಂಜಾನೆಯ ಬಸ್ಸಿಗೆ ಹೊನವಾಡಕ್ಕೆ ಹೋದೆ. ಶಿವಪ್ಪ ಹೊಲದ ಬದುವಿನ ಮೇಲೆ ಕುರಿ ಬಿಟ್ಟುಕೊಂಡು ನಿಂತಿದ್ದ. ತಲೆ ನರೆತಿತ್ತು, ಮುಂಗೈ ಮಾತ್ರ ಹಾಗೆಯೇ ಗಟ್ಟಿ ಇತ್ತು.

"ಬಾ ಕ್ಯಾಪ್ಟನ್" ಎಂದ. ಇಪ್ಪತ್ತೊಂದು ವರ್ಷದ ಮೇಲೂ ಅದೇ ಮಾತು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

"ಶಿವಪ್ಪ, ಐತವಾರ ಮಂದಿ ಮುಂದ ಎಲ್ಲಾ ಹೇಳಿಬಿಡ್ತೀನಿ. ನಾ ಅಂದದ್ದಕ್ಕ ನೀ ಬಿಟ್ಟಿ ಅಂತ."

ಅವನು ಕೋಲು ನೆಲಕ್ಕೂರಿ ಕುರಿಗಳ ಕಡೆ ತಿರುಗಿದ. "ಈಗ ಯಾಕ? ನಿನ್ನ ದನಿ ಹೋತು, ಇನ್ನ ಕಳಕೊಳ್ಳೂದ ಏನೂ ಇಲ್ಲ ಅಂತನ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಅವತ್ತ ನೀ ಒಂದ ಮಾತ ಹೇಳತಿ ಅಂತ ನಾ ಬಸ್ ಸ್ಟ್ಯಾಂಡ್‌ನ್ಯಾಗ ಸಂಜೀತನಕ ಕುಂತಿದ್ನಿ" ಎಂದ. "ನೀ ಜೀಪಿನ್ಯಾಗ ಹೋದಿ. ಧೂಳ ನನ್ನ ಮಾರಿಗೆ ಬಡೀತು."

"ನೀನರ ಹೇಳಬೇಕಾಗಿತ್ತಲ್ಲೋ. ಮಂದಿ ಹೊಡ್ಯಾಕ ಬಂದಾಗರ ಹೇಳಬೇಕಾಗಿತ್ತು."

"ಹ್ಯಾಂಗ ಹೇಳ್ಲಿ? ಕ್ಯಾಪ್ಟನ್ ತಪ್ಪ ಮಾಡ್ಯಾನ ಅಂತ ಆಟಗಾರ ಮಂದಿ ಮುಂದ ಹೇಳ್ತಾನೇನು? ಅದನ್ನ ಕಲಿಸಿದಾಂವ ನೀನ." ಒಂದು ಕುರಿ ಪಕ್ಕದ ದ್ರಾಕ್ಷಿ ತೋಟಕ್ಕೆ ನುಗ್ಗಿತು. ಅದನ್ನು ಹೊರಗಟ್ಟಿ ಬಂದು ಹೇಳಿದ. "ನನಗ ರೂಢಿ ಆಗೈತಿ ಬಿಡು. ಸವಿತಾ ಮಾತ್ರ ಆವತ್ತ ಬಬಲೇಶ್ವರದಿಂದ ಬಂದು ಉಣ್ಣಲಿಲ್ಲ. ಅಪ್ಪಾ, ನೀ ಖರೇನ ಮಾರಿಕೊಂಡಿದ್ದೇನು ಅಂತ ಕೇಳಿದ್ಳು. ಮಗಳು ಕೇಳಿದ್ಳಪಾ. ಅಕಿ ಸಲುವಾಗಿ ಹೇಳೂದಿದ್ರ ಹೇಳು. ನಿನ್ನ ಮನಸ್ಸ ಹಗುರ ಮಾಡಿಕೊಳ್ಳಾಕ ಹೇಳಬ್ಯಾಡ."

ಐತವಾರ ಮಧ್ಯಾಹ್ನ ಮೂರು ಗಂಟೆಗೆ ಮೈದಾನ ತುಂಬಿತ್ತು. ತಿಕೋಟಾದಿಂದ, ಬಬಲೇಶ್ವರದಿಂದ, ವಿಜಯಪುರದಿಂದ ಜನ ಬಂದಿದ್ದರು. ನನಗೆ ರುಮಾಲು ಸುತ್ತಿದರು, ಶಾಲು ಹೊದಿಸಿದರು, ಎತ್ತು ಮಲ್ಲೂಕಾಕಾನನ್ನೂ ಸಿಂಗರಿಸಿ ತಂದಿದ್ದರು. ನಾನೂ ಎತ್ತೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಶಿವಪ್ಪ ಎಲ್ಲರ ಹಿಂದೆ, ಮಗಳ ಪಕ್ಕ ನಿಂತಿದ್ದ.

ಮೈಕು ಕೈಗೆ ಬಂದಾಗ ಸುತ್ತುಬಳಸಿಲ್ಲದೆ ಹೇಳಿದೆ. ತಿಕೋಟಾದ ಫೈನಲ್ ಸೋತದ್ದು ಶಿವಪ್ಪನ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ.

ಏನಾಯಿತು ಗೊತ್ತೇ? ಚಪ್ಪಾಳೆ! ಸಿದ್ದು ಕಣ್ಣೊರೆಸಿಕೊಂಡು, "ನೋಡ್ರಿ ಕಾಕಾನ ದೊಡ್ಡ ಗುಣ! ಕೈಬಿಟ್ಯಾನ ತಪ್ಪನ್ನೂ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ!" ಎಂದು ಕೂಗಿದ. ಜೈಕಾರ ಎದ್ದಿತು. ಯಾರೋ ಹೂವು ಎರಚಿದರು. ಹಿಂದೆ ಸವಿತಾ ಅಪ್ಪನ ತೋಳು ಹಿಡಿದು ಹೊರಡಲು ತಿರುಗಿದ್ದು ಕಾಣಿಸಿತು.

ನನಗೆ ಸಿಟ್ಟು ನೆತ್ತಿಗೇರಿತು. ಈ ಜನ ನನ್ನ ಭಾಷಣ ಕೇಳುವವರಲ್ಲ, ನನ್ನ ಕಾಮೆಂಟರಿ ಕೇಳುವವರು. ಡಾಕ್ಟರ ಮಾತು ಗಾಳಿಗೆ ತೂರಿ, ಇದ್ದಷ್ಟು ದನಿ ಎತ್ತಿ ಆ ರೇಡನ್ನು ಹೇಳತೊಡಗಿದೆ. ಪೇಟೆಯ ಹುಡುಗ ಗೆರೆ ದಾಟಿದ. ಎಡಕ್ಕೆ ಹೆಗಲು ತೋರಿಸಿ ಬಲಕ್ಕೆ ಬಂದ. ಶಿವಪ್ಪ ಪಾದ ಹಿಡಿದ. ಜೈಕಾರ ನಿಂತಿತು. ಮೂವರು ಮೇಲೆ ಬಿದ್ದರು. ಗೇಣು ದೂರ ಗೆರೆ, ಬಾಯಲ್ಲಿ ಇನ್ನೂ ಉಸಿರಿದೆ, ಸೀಟಿ ಆಗಿಲ್ಲ. ಶಿವಪ್ಪನ ಹಿಡಿತ ಸಡಿಲಾಗಿಲ್ಲ, ಮಹಾಜನರೇ, ಸಡಿಲಾಗಿಲ್ಲ. ಆಗ ಮೈಕು ಹಿಡಿದು ಕುಳಿತ ಮಲ್ಲಪ್ಪನೆಂಬ ಮೂರ್ಖ ಸೀಟಿಗೆ ಮೊದಲೇ ಒದರುತ್ತಾನೆ, ಸಾಕು, ಬಿಡ್ರೋ! ಕ್ಯಾಪ್ಟನ್ ಮಾತೆಂದು ಶಿವಪ್ಪ ಬಿಡುತ್ತಾನೆ. ಜನ ಅವನನ್ನು ದಬ್ಬುತ್ತಾರೆ. ಮಲ್ಲಪ್ಪ ವೈರು ಸುತ್ತುತ್ತಾನೆ.

ಅಷ್ಟಕ್ಕೆ ದನಿ ಒಡೆದುಹೋಯಿತು. ಸಿದ್ದು ಬಾಯಿ ತೆರೆದುಕೊಂಡು ನಿಂತಿದ್ದ. ಈಗ ಕಲ್ಲು ಬೀಳುತ್ತವೆ ಎಂದುಕೊಂಡೆ. ಬೀಳಲಿ ಎಂದೇ ನಿಂತೆ.

ಮುಂದಿನ ಸಾಲಿನಲ್ಲಿ ಊರ ಹಿರಿಯರು ಕುಳಿತಿದ್ದರು. ಅವರಲ್ಲಿ ಭೀಮಪ್ಪ ಎಂಬ ಎಂಬತ್ತರ ಮುದುಕ ಕೋಲೂರಿ ಎದ್ದ. ಅಂದು ಟ್ರ್ಯಾಕ್ಟರ್ ಕಟ್ಟಿಕೊಂಡು ತಿಕೋಟಾಕ್ಕೆ ಬಂದವರಲ್ಲಿ ಅವನೂ ಒಬ್ಬ.

"ಮಲ್ಲಪ್ಪ, ನೀ ಅಂದದ್ದು ನಾವೂ ಕೇಳಿದ್ವಿ" ಎಂದ.

ಕೋಲನ್ನು ನನ್ನ ಕಡೆ ತೋರಿಸಿ ಭೀಮಪ್ಪನೇ ಮುಂದುವರಿಸಿದ.

"ಅಷ್ಟ ದೊಡ್ಡ ಸ್ಪೀಕರ್ ಇದ್ದೂ ಕೇಳಲಿಲ್ಲ ಅಂತ ತಿಳದಿದ್ದೇನು? ಇಲ್ಲಿ ಕುಂತ ಮುದುಕ್ರೆಲ್ಲಾ ಕೇಳೇವಿ. ನಮ್ಮೂರ ಹೆಸರ ಮೈಕಿನ್ಯಾಗ ಹೇಳಾಂವ ನೀ ಒಬ್ಬನ ಇದ್ದಿ. ನಿನ್ನ ಬಿಟ್ಟುಕೊಡಾಕ ಮನಸ್ಸ ಬರಲಿಲ್ಲ. ಅವಾ ಕುರಿ ಕಾಯಾಂವ, ಏನಂದ್ರೂ ಸುಮ್ಮನಿರತಾನ ಅಂತ ಅವನ ಮ್ಯಾಲ ಹಾಕಿದ್ವಿ."

ಉಳಿದ ಮುದುಕರು ಯಾರೂ ಅಲ್ಲವೆನ್ನಲಿಲ್ಲ. ಒಬ್ಬನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ನಾನು ಕುರ್ಚಿ ಹಿಡಿದು ಕುಳಿತೆ. ಇಪ್ಪತ್ತೊಂದು ವರ್ಷ ಯಾವ ಪ್ರೀತಿ ಹೋದೀತೆಂದು ಹೆದರಿದ್ದೆನೋ, ಆ ಪ್ರೀತಿಯೇ ಎಲ್ಲವನ್ನೂ ತಿಳಿದು ನನ್ನನ್ನು ಕಾಯ್ದಿತ್ತು, ಅವನನ್ನು ತುಳಿದಿತ್ತು.

ಸಿದ್ದು ವೇದಿಕೆಗೆ ಬಂದು ಒಂದು ಶಾಲು ಎತ್ತಿಕೊಂಡ. ನನ್ನ ಮುಖ ನೋಡಲಿಲ್ಲ. ಜನ ಎರಡು ಕಡೆ ಸರಿದು ದಾರಿ ಬಿಟ್ಟರು. ಅವನು ಹಿಂದಿನ ತನಕ ಹೋಗಿ ಶಿವಪ್ಪನಿಗೆ ಹೊದಿಸಲು ಶಾಲು ಬಿಡಿಸಿದ. ಶಿವಪ್ಪ ಅವನ ಮಣಿಕಟ್ಟು ಹಿಡಿದು ತಡೆದ. ಹಿಡಿತ ಎಂಥದಿತ್ತೋ, ಸಿದ್ದು ಅಲುಗಲಿಲ್ಲ.

"ಶಾಲು ಬ್ಯಾಡಪಾ" ಎಂದ ಶಿವಪ್ಪ. ಮೈಕಿಲ್ಲದಿದ್ದರೂ ಅದು ಮೈದಾನಕ್ಕೆಲ್ಲ ಕೇಳಿತು. "ನನ್ನ ಹೆಸರು ಶಿವಪ್ಪ. ನಾಳಿಂದ ಹಂಗ ಕರೀರಿ."

ಮಗಳನ್ನು ಕರೆದುಕೊಂಡು ಮನೆಯ ಕಡೆ ನಡೆದ. ಯಾರೂ ಚಪ್ಪಾಳೆ ತಟ್ಟಲಿಲ್ಲ.